ಮನೆಯಲ್ಲಿ ಹುಳ ಇರುವಷ್ಟು ದಿನ

ನಮ್ಮ ಅತ್ತೆ ದುಂಡಮ್ಮನವರ ತುಟಿ ನೋಡಿದರೆ ಸಾಕು, ಮನೆಯೊಳಗೆ ರೇಷ್ಮೆ ಹುಳ ಇದೆಯೋ ಇಲ್ಲವೋ ಊರಿಗೆಲ್ಲ ಗೊತ್ತಾಗುತ್ತಿತ್ತು. ತುಟಿ ಕೆಂಪಗಿದ್ದರೆ ಹುಳ ಇಲ್ಲ. ಆಗ ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತು, ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮೇಲೊಂದು ಚಿಟಿಕೆ ಹೊಗೆಸೊಪ್ಪಿನ ಕಡ್ಡಿಪುಡಿ ಉದುರಿಸಿ ಎಡಗೆನ್ನೆಗೆ ಒತ್ತರಿಸಿಕೊಂಡು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುವರು. ತುಟಿ ಬಿಳಿಚಿಕೊಂಡು ಒಡೆದಿದ್ದರೆ ಹುಳ ಇದೆ ಎಂದರ್ಥ. ಆಗ ಅವರು ಕರೆದರೂ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಕಡ್ಡಿಪುಡಿ ಇಲ್ಲದ ಬಾಯಿಂದ ಏನು ಬರುತ್ತದೆಂದು ಹೇಳುವವರಿರಲಿಲ್ಲ.

ಹೊಗೆಸೊಪ್ಪಿಗೂ ರೇಷ್ಮೆ ಹುಳಕ್ಕೂ ಆಗಿಬರುವುದಿಲ್ಲ. ಅದರ ಪುಡಿ ಹತ್ತಿದ ಬೆರಳು ಹಿಪ್ಪುನೇರಳೆ ಸೊಪ್ಪಿಗೆ ತಾಗಿ, ಆ ಸೊಪ್ಪು ಹುಳದ ಬಾಯಿಗೆ ಹೋದರೆ ಮುಗಿಯಿತು. ಆದ್ದರಿಂದ ಕೊಳ್ಳೇಗಾಲದ ಕಡೆಯಿಂದ ಮರಿಹುಳ ಬಂದ ದಿನವೇ ಅತ್ತೆ ಬಾಯಿ ಮುಕ್ಕಳಿಸಿ, ಕೈಯನ್ನು ಮೊಣಕೈವರೆಗೂ ತಿಕ್ಕಿ ತೊಳೆದು, ಎಲೆಯಡಿಕೆಯ ಚೀಲಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಅಂಗಳದ ಹೊಂಗೆ ಮರಕ್ಕೆ ಹೊಡೆದಿದ್ದ ಮೊಳೆಗೆ ತಗುಲಿಹಾಕುವರು. ಗೂಡು ಬಿಡಿಸುವ ತನಕ, ಅಂದರೆ ಹತ್ತಿರ ಹತ್ತಿರ ಒಂದು ತಿಂಗಳು, ಚೀಲ ಅಲ್ಲೇ. ಎದುರಿಗೇ ನೇತಾಡುತ್ತಿದ್ದರೆ ಆಸೆ ಆಗುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ.

"ಎಸದ್ಬುಟ್ರ ಆಸ ಎಚ್ಚಾಯ್ತದ ಕಣವ್ವ. ಅಲ್ಲಿರ್ಲಿ. ಅದು ನನ್ನ ನೋಡ್ಕಂಡಿರ್ಲಿ, ನಾನು ಅದ ನೋಡ್ಕಂಡಿರ್ತೀನಿ" ಎಂದರು.

ನಾನು ಯಳಂದೂರು ಕಡೆಯವಳು. ಗದ್ದೆಯ ಊರು, ಹುಳದ ಗಂಧಗಾಳಿ ಗೊತ್ತಿಲ್ಲ. ಕಾಮಗೆರೆ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ತಲೆತುಂಬ ಮಲ್ಲಿಗೆ ಮುಡಿದು, ಮುಖಕ್ಕೆ ಪೌಡರ್ ಬಳಿದುಕೊಂಡು ಹುಳದ ಕೋಣೆಗೆ ಕಾಲಿಟ್ಟೆ. ಅತ್ತೆ ನನ್ನ ಭುಜ ಹಿಡಿದು ಹಾಗೇ ಹಿಂದಕ್ಕೆ ತಿರುಗಿಸಿದರು. "ನೀ ಚೆಂದಾಗಿದ್ದಿಯೆ ಅಂತ ಉಳುಕ್ಕ ತೋರ್ಸಬೇಕಾ? ಓಗಿ ಮಕ ತೊಳ್ಕಬಾ" ಎಂದರು. ಹುಳ ಇರುವಾಗ ಮನೆಯೊಳಗೆ ಒಗ್ಗರಣೆ ಇಲ್ಲ, ಊದುಕಡ್ಡಿ ಇಲ್ಲ, ಸೊಳ್ಳೆಬತ್ತಿ ಇಲ್ಲ, ಜೋರು ಮಾತು ಕೂಡ ಇಲ್ಲ. ನಾನು ಮದುವೆಯಾದದ್ದು ಗಂಡನನ್ನೋ ಹುಳುಗಳನ್ನೋ ಎಂಬ ಅನುಮಾನ ನನಗೆ ಬಹಳ ದಿನ ಇತ್ತು.

ನನ್ನ ತಂದೆ ಮೊದಲ ಸಲ ಮಗಳ ಮನೆ ನೋಡಲು ಬಂದಾಗ ಆದದ್ದನ್ನಂತೂ ನಾನು ಸುಲಭವಾಗಿ ಮರೆಯಲಿಲ್ಲ. ಬಾಳೆಗೊನೆ ಹೊತ್ತು, ಎರಡು ಬಸ್ಸು ಬದಲಾಯಿಸಿ ಬಂದ ಮನುಷ್ಯ. ದಾರಿಯುದ್ದಕ್ಕೂ ಎಲೆಯಡಿಕೆ ಮೆದ್ದುಕೊಂಡೇ ಬಂದಿದ್ದರು. ಅತ್ತೆ ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

"ಬೀಗ್ರಾ, ತಪ್ಪು ತಿಳ್ಕಬ್ಯಾಡಿ. ಒಳಗ ಉಳ ಅವ, ನಿಮ್ಮ ಬಾಯಲ್ಲಿ ಕಡ್ಡಿಪುಡಿ ಅದ. ಒಂಗೆ ಮರದ ನೆಳ್ಳು ಚೆಂದಾಗದ, ಅಲ್ಲೇ ಕುಂತ್ಕಳಿ. ನಾನೂ ಅಲ್ಗೇ ಬತ್ತೀನಿ."

ನನ್ನಪ್ಪನಿಗೆ ಮರದ ಕೆಳಗೆ ಚಾಪೆ ಹಾಸಿದರು, ಮರದ ಕೆಳಗೇ ಎಲೆ ಹಾಕಿ ಬಡಿಸಿದರು. ಬೀಗರ ಊಟ ಅಂಗಳದಲ್ಲಿ! ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನಿಗೆ ಮಾತ್ರ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಊಟವಾದ ಮೇಲೆ "ಬೀಗಿತಿಯಮ್ಮ, ಒಂಚೂರು ಕಡ್ಡಿಪುಡಿ ಇದ್ದದಾ?" ಎಂದು ಕೇಳಿದರು. ಅತ್ತೆ ಮೊಳೆಯತ್ತ ಗಲ್ಲ ತೋರಿ, "ಅಲ್ಲೇ ಅದ, ತಕ್ಕಳಿ. ನಾನು ಮುಟ್ಟಂಗಿಲ್ಲ" ಎಂದು ಮುಖ ಆ ಕಡೆ ತಿರುಗಿಸಿಕೊಂಡರು. ಅಪ್ಪ ಹೋದ ಮೇಲೆ ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಅವರು ಅದನ್ನು ಗಮನಿಸಲೇ ಇಲ್ಲ. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ನಿಲ್ಲುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಹುಳಕ್ಕೆ ಜ್ವರ ಬಂದಾಗ ಸೊಸೆಯ ಸಿಟ್ಟನ್ನು ಕೇಳುವವರು ಯಾರು?

ಹೊಸದು ಏನೇ ಬಂದರೂ ಅತ್ತೆಯ ಮೊದಲ ಮಾತು "ನನ್ನ ಕೈಲಾಗಲ್ಲ ಕಣವ್ವ." ಕೆಲವು ದಿನ ಬಿಟ್ಟು ಎರಡನೆಯ ಮಾತು, "ನೋಡ್ಮ ತಡಿ." ಗ್ಯಾಸ್ ಒಲೆ ಬಂದಾಗಲೂ ಹಾಗೇ ಆಯಿತು. ಅದರ ಹತ್ತಿರ ಹೋಗುವುದಿಲ್ಲ ಎಂದರು. ಆಮೇಲೆ ನೆಂಟರು ಬಂದರೆ ಕಾಫಿಗೆ ಮಾತ್ರ ಎಂದರು. ನೆಂಟರಿಲ್ಲದ ದಿನವೂ ಕಾಫಿ ಅದರ ಮೇಲೆ ಬಂತು, ಹಾಲು ಬಂತು, ಸಾರು ಬಂತು. ಮುದ್ದೆಯನ್ನು ಮಾತ್ರ ಸೌದೆ ಒಲೆಯಲ್ಲೇ ತಿರುವುವುದು ಎಂದು ಬಹಳ ಕಾಲ ಹಟ ಹಿಡಿದಿದ್ದರು. ಒಂದು ದಿನ ಮುದ್ದೆಯ ಮಧ್ಯೆ ಸಿಲಿಂಡರ್ ಮುಗಿದುಹೋಗಿ, ಗ್ಯಾಸಿನವರ ವಂಶವನ್ನೆಲ್ಲ ಬೈಯುತ್ತ ಕೂತರು. ಹಿತ್ತಲಲ್ಲಿ ಸೌದೆ ಒಟ್ಟಿದೆ ಎಂಬುದೇ ಅವರಿಗೆ ಮರೆತಿತ್ತು. ನಾನು ನೆನಪಿಸಿದ್ದಕ್ಕೆ ನನಗೂ ಬಿತ್ತು.

ಮಾವ ತೀರಿಕೊಂಡ ಮೇಲೆ ಸೊಪ್ಪು ಕೊಯ್ದು ತರುವ ಗಂಡಾಳು ಮನೆಯಲ್ಲಿ ಇಲ್ಲದಂತಾಯಿತು. ನನ್ನ ಗಂಡ ಮಾದೇಶನಿಗೆ ಕೊಳ್ಳೇಗಾಲದಲ್ಲಿ ಕೆಲಸ, ಬೆಳಗ್ಗೆ ಬಸ್ಸು ಹತ್ತಿದರೆ ಕತ್ತಲಾದ ಮೇಲೆ ಇಳಿಯುವುದು. ಕೂಲಿಯವರು ಸಿಗುವುದಿಲ್ಲ. ಎಲ್ಲರೂ ಕೂತು ಮಾತಾಡಿ, ರೇಷ್ಮೆ ಗಿಡ ಕಿತ್ತು ಅರಿಶಿನ ಹಾಕಿದೆವು. ಮನೆಯ ಹಿಂದಿನ ಒಂದು ಪಟ್ಟಿ ಗಿಡ ಮಾತ್ರ ಆಡಿಗಿರಲಿ ಎಂದು ಉಳಿಯಿತು. ಹುಳ ಸಾಕುವ ತಟ್ಟೆಗಳು ಅಟ್ಟ ಸೇರಿದವು. ಅತ್ತೆ ಈ ಸಲ "ಕೈಲಾಗಲ್ಲ" ಎನ್ನಲಿಲ್ಲ, ಜಗಳವನ್ನೂ ಮಾಡಲಿಲ್ಲ. ಮೊಳೆಯಲ್ಲಿದ್ದ ಚೀಲ ತೆಗೆದುಕೊಂಡು ಜಗಲಿಯ ಮೇಲೆ ಕೂತರು. ಅವರ ತುಟಿ ಆಮೇಲೆ ವರ್ಷವಿಡೀ ಕೆಂಪಗೇ ಇತ್ತು. ಮಾತು ಹೆಚ್ಚಾಯಿತು, ನಗು ಹೆಚ್ಚಾಯಿತು. ಹುಳದ ಕಾಟ ತಪ್ಪಿದ್ದೇ ಒಳ್ಳೆಯದಾಯಿತು ಅಂತ ನಾವೆಲ್ಲ ಅಂದುಕೊಂಡೆವು.

ಎರಡು ಅರಿಶಿನದ ಬೆಳೆ ಬಂದುಹೋಗುವ ಹೊತ್ತಿಗೆ ಅವರು ನನ್ನ ಸಾರಿನ ಮೇಲೆ ತಕರಾರು ಶುರುಮಾಡಿದರು. "ಏನವ್ವ, ಈ ಪಾಟಿ ಕಾರ." ಖಾರ ಕಡಿಮೆ ಮಾಡಿದೆ. ಮಾರನೇ ದಿನವೂ ಅದೇ ಮಾತು. ಬೇಕೆಂದೇ ಕೊಂಕು ತೆಗೆಯುತ್ತಿದ್ದಾರೆ ಎಂದು ಹಲ್ಲು ಕಚ್ಚಿಕೊಂಡು ಇನ್ನೂ ಕಡಿಮೆ ಮಾಡಿದೆ. ಕೊನೆಗೊಂದು ದಿನ ನಮ್ಮವರು ತಟ್ಟೆ ಮುಂದೆ ಕೂತು, "ಇದು ಸಾರಾ, ಇಲ್ಲ ಪಾತ್ರ ತೊಳ್ದ ನೀರಾ?" ಎಂದರು. ಪಕ್ಕದಲ್ಲೇ ಅತ್ತೆ ಅದೇ ಸಾರನ್ನು ಬಾಯಿಗಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು, ಸದ್ದಿಲ್ಲದೆ ನುಂಗುತ್ತಿದ್ದರು. ನಾನು ಅದನ್ನು ನೋಡಿದೆ.

ಊಟ ಮುಗಿದ ಮೇಲೆ ಬಾಗಿಲ ಬೆಳಕಿಗೆ ಕರೆದು ಬಾಯಿ ತೆರೆಯಿರಿ ಎಂದೆ. ಬಾಯಿ ಪೂರ್ತಿ ತೆರೆಯಲು ಬರಲಿಲ್ಲ. ಎಡಗೆನ್ನೆಯ ಒಳಗೆ, ಅವರು ದಿನಾ ಕಡ್ಡಿಪುಡಿ ಒತ್ತರಿಸುತ್ತಿದ್ದ ಜಾಗದಲ್ಲೇ, ಸುಣ್ಣ ಬಳಿದಂತೆ ಒಂದು ಬಿಳಿ ಮಚ್ಚೆ ಇತ್ತು. ಅದರ ಅಂಚು ಕೆಂಪಗೆ ಹರಿದಿತ್ತು.

ಕಾಮಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ, ಆಮೇಲೆ ನನ್ನನ್ನು ನೋಡಿದರು. ಕೆನ್ನೆಯೊಳಗಿನ ಒಂದು ಚೂರನ್ನು ತೆಗೆದು ಮೈಸೂರಿಗೆ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ತನಕ ನನಗೆ ಅನ್ನ ಸೇರಲಿಲ್ಲ. ಅತ್ತೆ ಮಾತ್ರ ಆ ದಿನಗಳಲ್ಲಿ ಮೊದಲಿಗಿಂತ ಹೆಚ್ಚು ಮೆದ್ದರು. ಗಾಯವಿರುವ ಕೆನ್ನೆ ಬಿಟ್ಟು ಬಲಗೆನ್ನೆಗೆ ಬದಲಾಯಿಸಿಕೊಂಡರು, ಅಷ್ಟೇ.

"ಇದು ಇನ್ನೂ ಕ್ಯಾನ್ಸರ್ ಆಗಿಲ್ಲ" ಎಂದರು ಡಾಕ್ಟರಮ್ಮ, ಫಲಿತಾಂಶ ನೋಡಿ. "ಇವತ್ತಿಂದಲೇ ಕಡ್ಡಿಪುಡಿ ಬಿಟ್ಟರೆ ಆಗದೆಯೂ ಇರಬಹುದು. ಬಿಡದಿದ್ದರೆ ನಾನು ಯಾವ ಮಾತೂ ಕೊಡೋಕಾಗಲ್ಲ. ಗೊತ್ತಾಯ್ತಾ ಅಮ್ಮ?"

"ಗೊತ್ತಾಯ್ತು ಕಣವ್ವ, ಬುಟ್ಬುಡ್ತೀನಿ" ಎಂದು ಅತ್ತೆ ತಲೆಯಾಡಿಸಿದರು. ಬಸ್ಸಿನಲ್ಲಿ ಬಾಯಿ ಬಿಗಿಹಿಡಿದು ಕೂತಿದ್ದರು. ಸಂಜೆ ಹಿತ್ತಲಿಗೆ ಹೋದವರು ಬಂದಾಗ ತುಟಿ ಕೆಂಪಗಿತ್ತು.

ಅಮಾವಾಸ್ಯೆ ಕಳೆಯಲಿ, ಬಿಡುತ್ತೇನೆ ಎಂದರು. ಅಮಾವಾಸ್ಯೆ ಕಳೆಯಿತು. ಸೋಮವಾರ ಬರಲಿ ಎಂದರು, ಸೋಮವಾರವೂ ಬಂದು ಹೋಯಿತು. ನಾನು ಚೀಲ ಬಚ್ಚಿಟ್ಟರೆ ಅಂಗಡಿಗೆ ಹೋಗಿ ಪೊಟ್ಟಣ ತರುವರು. ಅಂಗಡಿಯವನಿಗೆ ಕೊಡಬೇಡ ಎಂದರೆ ಪಕ್ಕದ ಬೀದಿಯಲ್ಲಿ ಕೇಳಿ ಇಸಿದುಕೊಳ್ಳುವರು. ನಮ್ಮವರು ಕೈಮುಗಿದು ಕೇಳಿದರು, ಗದರಿದರು, ಎರಡು ದಿನ ಊಟ ಬಿಟ್ಟರು. ಮಗ ಊಟ ಬಿಟ್ಟದ್ದಕ್ಕೆ ಅತ್ತೆ ಅತ್ತರು, ಅತ್ತು ಸಮಾಧಾನಕ್ಕೆ ಇನ್ನೊಂದು ಎಲೆ ಹಾಕಿಕೊಂಡರು. ನನಗೆ ತಾಳ್ಮೆ ಕಡಿಮೆ. ಒಂದು ದಿನ ಅಂಗಳದಲ್ಲೇ ಕೂಗಾಡಿಬಿಟ್ಟೆ.

"ಉಳುಕ್ಕೋಸ್ಕರ ತಿಂಗ್ಳುಗಟ್ಲೆ ಬುಡ್ತಿದ್ರಿ. ಪ್ರಾಣುಕ್ಕೋಸ್ಕರ ಬುಡಕ್ಕಾಗಲ್ವಾ ಅತ್ತೆ?"

ಅವರಿಗೆ ಸಿಟ್ಟು ಬರಲಿಲ್ಲ. "ಅವು ಬಾಯಿಲ್ದ ಜೀವ ಕಣವ್ವ. ನಾನು ತಪ್ಪುದ್ರ ಅವು ಸಾಯ್ತವ. ನನ್ನ ಪ್ರಾಣ ನಂದೇ ಅಲ್ವಾ, ಅದುಕ್ಕ ನಾನು ಎದ್ರದಾ?" ಎಂದರು.

ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಮಾರನೇ ದಿನ ಹಿತ್ತಲಿನ ಗಿಡದ ಪಟ್ಟಿಗೆ ಹೋಗಿ ಎಷ್ಟು ಸೊಪ್ಪಿದೆ ನೋಡಿದೆ. ಅಟ್ಟದಿಂದ ನಾಲ್ಕೈದು ತಟ್ಟೆ ಇಳಿಸಿ ಬ್ಲೀಚಿಂಗ್ ನೀರಲ್ಲಿ ತೊಳೆದೆ, ನಡುಮನೆಯನ್ನೂ ತೊಳೆದೆ. ನಮ್ಮವರು ಬಾಗಿಲಲ್ಲಿ ನಿಂತು ನೋಡಿ, "ಭಾಗ್ಯ, ನಿಂಗೇನ್ ತಲಗಿಲ ಕೆಟ್ಟದಾ? ಇಷ್ಟು ಸೊಪ್ಗ ಯಾರು ಉಳ ತಂದಾರು? ಗೂಡು ಒಂದು ಚೀಲನೂ ಆಗಲ್ಲ" ಎಂದರು.

"ಗೂಡ್ಗಲ್ಲ ಕಣ್ರಿ" ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವರೇ ರಜ ಹಾಕಿ, ಸ್ಕೂಟರಿನಲ್ಲಿ ಕರೆದುಕೊಂಡು ಹೋದರು.

ಮರಿಹುಳದ ಬುಟ್ಟಿಯನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡು ಬಂದಾಗ ಅತ್ತೆ ಜಗಲಿಯಲ್ಲಿದ್ದರು. ಬಾಯಿ ತುಂಬ ಎಲೆ. ನಾನು ಬುಟ್ಟಿಯ ಕಾಗದ ಸರಿಸಿದೆ. ಕಪ್ಪು ಎಳೆಗಳಂತೆ ಹುಳ ಹರಿದಾಡುತ್ತಿದ್ದವು. ಅತ್ತೆ ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು, ಮಗನನ್ನು ನೋಡಿದರು. ಬೈದು ಒಳಗೆ ಹೋದರೆ ಮುಗಿಯಿತು, ನನಗೆ ಬೇರೆ ಉಪಾಯ ಗೊತ್ತಿರಲಿಲ್ಲ. ಅವರು ಎದ್ದರು. ಬೇಲಿಯವರೆಗೆ ಹೋಗಿ ಉಗಿದರು. ತೊಟ್ಟಿಯ ಬಳಿ ಬಾಯಿ ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು, ಮೊಣಕೈವರೆಗೆ ಸೋಪು ಹಾಕಿ ತಿಕ್ಕಿದರು. ಚೀಲಕ್ಕೆ ಕವರ್ ಸುತ್ತಿ ಹೊಂಗೆ ಮರದ ಮೊಳೆಗೆ ತಗುಲಿಹಾಕಿ ಬಂದು, "ಬಿಸ್ಲಲ್ಲಿ ಉಳ ಇಡ್ಕಂಡು ನಿಂತಿದ್ದೀಯಲ್ಲ, ಒಳಕ್ ತಕ್ಕ ಬಾ" ಎಂದು ಗದರಿದರು. ಆ ಗದರಿಕೆ ಕೇಳಿ ನನಗೆ ಅಳು ಬಂದುಬಿಟ್ಟಿತು.

ಆ ತಿಂಗಳು ಮನೆಯಲ್ಲಿ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಎರಡು ವರ್ಷ ಬಿಡುವಿಲ್ಲದೆ ಮೆದ್ದ ಬಾಯಿ ಅದು. ಅತ್ತೆಗೆ ತಲೆನೋವು, ಕೈನಡುಕ, ಎಲ್ಲದರ ಮೇಲೂ ಸಿಟ್ಟು. ಲೋಟ ಎಸೆದರು. ನನ್ನ ತವರನ್ನು ಬೈದರು, ಸತ್ತ ಮಾವನನ್ನೂ ಬಿಡಲಿಲ್ಲ. ಆದರೆ ಮೊಳೆಯ ಹತ್ತಿರ ಹೋಗಲಿಲ್ಲ. ನಾನು ಸೊಪ್ಪು ಹಾಕುತ್ತ ಒಂದು ಕಣ್ಣನ್ನು ಮರದ ಮೇಲೆಯೇ ಇಟ್ಟಿರುತ್ತಿದ್ದೆ.

ಹುಳ ಗೂಡು ಕಟ್ಟಿದವು. ಗೂಡು ಬಿಡಿಸಿದ ದಿನ ಅತ್ತೆ ನೇರವಾಗಿ ಮರದ ಕಡೆ ಹೆಜ್ಜೆ ಹಾಕಿದರು. ಇದು ನನಗೆ ಮೊದಲೇ ಗೊತ್ತಿತ್ತು. ಒಂದು ಬೆಳೆ ಮುಗಿದ ಮೇಲೆ ಮನೆ ತೊಳೆದು ಒಣಗಿಸದೆ ಇನ್ನೊಂದು ಬೆಳೆ ತರುವಂತಿಲ್ಲ, ಆ ನಡುವಿನ ದಿನಗಳಿಗೆ ಏನು ಮಾಡುವುದು? ಎದುರುಮನೆಯ ಚಿಕ್ಕತಾಯಮ್ಮನಿಗೆ ನಾನು ಎಲ್ಲ ಹೇಳಿಕೊಂಡಿದ್ದೆ. ಅವರ ಮನೆಯಲ್ಲಿ ಹುಳ ಇನ್ನೂ ಮೂರನೇ ಜ್ವರದಲ್ಲಿದ್ದವು. ಆ ಹೆಂಗಸು ಸರಿಯಾದ ಹೊತ್ತಿಗೆ ಬೀದಿಯಲ್ಲಿ ನಿಂತು ಕೂಗಿತು.

"ದುಂಡಕ್ಕಾ, ಸೊಸ ತವರ್ಗ ಓಗವಳ. ಉಳ ಜ್ವರ ಏಳ್ತಾ ಅವ. ನಾನೊಬ್ಳೆ ಏನ್ ಮಾಡ್ಲಿ? ಬಾ ಸೊಪ್ಪು ಆಕ್ ಬಾ."

ಅತ್ತೆಯ ಕೈ ಮೊಳೆಯ ಹತ್ತಿರವೇ ನಿಂತಿತು. "ಇವಳೊಬ್ಬಳು" ಎಂದು ಗೊಣಗುತ್ತ ಆಚೆ ಮನೆಗೆ ಹೋದರು. ಚಿಕ್ಕತಾಯಮ್ಮ ನಮ್ಮೆಲ್ಲರಿಗಿಂತ ಗಟ್ಟಿ. ಒಳಗೆ ಬಿಡುವ ಮುಂಚೆ ಅತ್ತೆಯ ಬಾಯಿ ಮೂಸಿ ನೋಡುತ್ತಿತ್ತು.

ಹೀಗೆ ನಮ್ಮ ಮನೆಯಲ್ಲಿ ಒಂದು ಬೆಳೆ, ಅವರ ಮನೆಯಲ್ಲಿ ಒಂದು ಬೆಳೆ ಎಂದು ಕಾಲ ತಳ್ಳಿದೆವು. ಮಚ್ಚೆ ಕುಗ್ಗುತ್ತಿದೆ ಎಂದರು ಡಾಕ್ಟರಮ್ಮ, ಆದರೆ ಪೂರ್ತಿ ಹೋಗಿಲ್ಲ, ಎಚ್ಚರ ಎಂದರು. ಒಂದು ಮಧ್ಯಾಹ್ನ ಅತ್ತೆ ಸಾರು ಸುರಿದುಕೊಂಡು, "ಏನವ್ವ, ಸಪ್ಪ ಸಾರು. ಕಾರ ಆಕದ ಮರ್ತಿಯಾ?" ಎಂದರು. ನಾನು ಅಡಿಗೆಮನೆಗೆ ಓಡಿ, ಖುಷಿಯಲ್ಲಿ ಮೈಮರೆತು ಒಣಮೆಣಸಿನಕಾಯಿ ಮುರಿದು ಒಗ್ಗರಣೆ ಹಾಕಿಬಿಟ್ಟೆ. ಹುಳ ಇರುವ ಮನೆಯಲ್ಲಿ ಒಗ್ಗರಣೆ! ಅತ್ತೆ ನನ್ನನ್ನು ಬೈದ ಬೈಗುಳ ಬೀದಿಗೆಲ್ಲ ಕೇಳಿಸಿತು. ನಾನು ಕೆಮ್ಮುತ್ತ, ನಗುತ್ತ ಬೈಸಿಕೊಂಡೆ.

ಆಮೇಲೆ ಬಂತು ಆ ಬೇಸಿಗೆ. ನಮ್ಮ ಗಿಡದ ಪಟ್ಟಿಯ ಪಕ್ಕದ ಹೊಲವನ್ನು ಗುತ್ತಿಗೆಗೆ ಹಿಡಿದವನು ಟೊಮ್ಯಾಟೊ ಹಾಕಿದ್ದ. ಒಂದು ಸಂಜೆ ಔಷಧಿ ಹೊಡೆದಿದ್ದಾನೆ, ಗಾಳಿ ನಮ್ಮ ಕಡೆಗೆ ಬೀಸಿದೆ, ನಮಗೆ ತಿಳಿಯಲಿಲ್ಲ. ಹುಳ ನಾಲ್ಕನೇ ಜ್ವರ ಎದ್ದು, ಬಕಾಸುರನಂತೆ ಮೇಯುವ ದಿನಗಳು. ಬೆಳಗ್ಗೆ ಕೊಯ್ದ ಸೊಪ್ಪನ್ನು ಹಾಗೇ ತಂದು ಹಾಕಿದೆವು. ಸೊಪ್ಪು ಸಾಲದೆ ಹೋದದ್ದರಿಂದ ಮೂಲೆಯ ಒಂದು ತಟ್ಟೆಗೆ ಮಾತ್ರ ಹಿಂದಿನ ದಿನ ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಸೊಪ್ಪು ಹಾಕಿದ್ದೆ.

ಬಿಸಿಲೇರುವ ಹೊತ್ತಿಗೆ ಮೇಯುವ ಸದ್ದು ನಿಂತಿತು. ನಾನು ಅಡಿಗೆಮನೆಯಲ್ಲಿದ್ದೆ. ಸದ್ದು ನಿಂತದ್ದು ಅಲ್ಲಿಗೂ ಗೊತ್ತಾಯಿತು. ಬಂದು ನೋಡುತ್ತೇನೆ, ಹುಳವೆಲ್ಲ ತಲೆಯೆತ್ತಿ ಆಚೀಚೆ ತೂಗುತ್ತಿವೆ, ಬಾಯಿಂದ ಹಸಿರು ನೀರು ಕಾರುತ್ತಿವೆ. ಅತ್ತೆ ತಟ್ಟೆಯ ಪಕ್ಕ ಕೂತು ಒಂದೊಂದನ್ನೇ ಎತ್ತಿ ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಿದ್ದರು. ಏನೂ ಮಾಡುವಂತಿರಲಿಲ್ಲ. ನೋಡನೋಡುತ್ತಲೇ ಮೈ ಮುರುಟಿಕೊಂಡು ಬಿದ್ದವು. ಇಬ್ಬರೂ ಬಾಚಿ ಬುಟ್ಟಿಗೆ ತುಂಬಿದೆವು. ನಾನು ಗುಂಡಿಗೆ ಸುರಿದು ಸುಣ್ಣ ಮುಚ್ಚಿ ಬಂದೆ.

ಬಂದಾಗ ಅತ್ತೆ ಒಳಗಿರಲಿಲ್ಲ. ಹೊಂಗೆ ಮರದ ಕೆಳಗೆ ನಿಂತಿದ್ದರು. ಮೊಳೆ ಖಾಲಿಯಾಗಿತ್ತು, ಚೀಲ ಅವರ ಕೈಯಲ್ಲಿತ್ತು. ಕವರ್ ಬಿಚ್ಚಿ ನೆಲದ ಮೇಲೆ ಬಿದ್ದಿತ್ತು.

ಚಿಕ್ಕತಾಯಮ್ಮನ ಮನೆಯಲ್ಲಿ ಆಗ ಹುಳ ಇರಲಿಲ್ಲ, ಹಿಂದಿನ ವಾರವೇ ಗೂಡು ಕೊಳ್ಳೇಗಾಲಕ್ಕೆ ಹೋಗಿತ್ತು. ಕೂಗಿ ಕರೆಯುವವರು ಯಾರೂ ಇಲ್ಲ. ಒಂದು ಸಲ ಕೆನ್ನೆಗೆ ಹೋದರೆ ಮತ್ತೆ ವರ್ಷವಿಡೀ ಅದೇ, ಡಾಕ್ಟರಮ್ಮನ ಮಾತು ನಿಜವಾಗುತ್ತದೆ. ಓಡಿಹೋಗಿ ಕಿತ್ತುಕೊಳ್ಳಬಹುದಿತ್ತು. ಆದರೆ ಎಷ್ಟು ದಿನ ಕಿತ್ತುಕೊಳ್ಳುವುದು? ಅವರ ಎರಡು ಬೆರಳು ಚೀಲದ ಒಳಗಿದ್ದವು. ಕಡ್ಡಿಪುಡಿಯ ಘಾಟು ನಾನು ನಿಂತಲ್ಲಿಗೂ ಬರುತ್ತಿತ್ತು.

ನನ್ನ ಕಡೆ ತಿರುಗದೆಯೇ ಕೇಳಿದರು, "ಎಲ್ಲಾ ಓದ್ವಾ?"

"ಮೂಲೆ ತಟ್ಟೆಯವು ಅವ ಅತ್ತೆ."

"ಮೇಯ್ತಾ ಅವಾ?"

"ಮೇಯ್ತಾ ಅವ."

ಅತ್ತೆ ಒಮ್ಮೆ ಒಳಬಾಗಿಲ ಕಡೆ ನೋಡಿದರು. ಆಮೇಲೆ, "ನೀನು ಉಳ ತಂದದ್ದು ಗೂಡ್ಗಲ್ಲ ಅಂತ ನಂಗ ಅವತ್ತೇ ಗೊತ್ತಾಯ್ತು. ಆಡು ಮೇಯಷ್ಟು ಸೊಪ್ಗ ಯಾರಾರ ಉಳ ತಂದಾರಾ?" ಎಂದರು.

"ಗೊತ್ತಿದ್ದೂ ಯಾಕತ್ತೆ ಸುಮ್ನಿದ್ರಿ?"

"ನಾನು ನೋಡ್ಮ ಅಂತ ಇದ್ದಿ."

ಬೆರಳು ಚೀಲದಿಂದ ಹೊರಗೆ ಬಂತು. ಬೆರಳ ತುದಿಯಲ್ಲಿ ಕಂದು ಪುಡಿ ಹತ್ತಿತ್ತು. ಅದನ್ನು ನೋಡಿದರು. ಅವರು ಚೀಲದ ದಾರ ಎಳೆದು ಕಟ್ಟಿದರು, ನೆಲದಲ್ಲಿದ್ದ ಕವರ್ ಎತ್ತಿ ಸುತ್ತಿದರು, ಮೊಳೆಗೆ ಹಾಕಿದರು.

"ಒಂದು ತಟ್ಟ ಇದ್ರೂ ಉಳದ ಮನೆಯೇ ಅಲ್ವಾ" ಎಂದು ತಮಗೇ ಹೇಳಿಕೊಂಡವರಂತೆ ಅಂದು, ಆಮೇಲೆ ಜೋರಾಗಿ, "ಏನ್ ನೋಡ್ತಾ ನಿಂತಿದ್ದೀಯೆ? ಈ ಸೊಪ್ಪು ಬ್ಯಾಡ, ಚಿಕ್ಕತಾಯಿ ತೋಟುಕ್ಕ ಓಗು. ನಾನು ಇವತ್ತು ಒಳಕ್ ಬರಲ್ಲ, ಕಡ್ಡಿಪುಡಿ ಮುಟ್ಟಿವ್ನಿ. ನೀನೇ ನೋಡ್ಕ" ಎಂದರು.

ಸೋಪು ಹಾಕಿ ತೊಳೆದರೂ ಅವರು ಆ ದಿನ ಹೊಸಿಲು ದಾಟಲಿಲ್ಲ. ಹಿಂದೆ ನನ್ನಪ್ಪನನ್ನು ಕೂರಿಸಿದ್ದ ಜಾಗದಲ್ಲೇ ಕೂತು, ಸೊಪ್ಪು ತೆಳ್ಳಗೆ ಹಾಕು, ಗಾಳಿ ಆಡಲಿ, ಎಂದು ಹೇಳಿಕೊಡುತ್ತಿದ್ದರು. ಮುದ್ದೆಯನ್ನೂ ಮರದ ಕೆಳಗೇ ಉಂಡರು. ಬಡಿಸುವಾಗ ನನಗೆ ಅಪ್ಪನ ನೆನಪಾಗಿ, ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅತ್ತೆಯ ಮೇಲೆ ನನಗೆ ತುಂಬ ಪ್ರೀತಿ ಬಂತು. ಹೇಳಲಿಲ್ಲ, ಎರಡನೇ ಸಲ ಸಾರು ಬಡಿಸಿದೆ.

ಆ ಒಂದು ತಟ್ಟೆಯ ಹುಳ ಗೂಡು ಕಟ್ಟಿದವು. ನಾವು ಮತ್ತೆ ಹುಳ ತಂದೆವು. ಮಧ್ಯೆ ಖಾಲಿ ದಿನಗಳು ಬಂದಾಗ ನಾನು ಮೊದಲಿನಂತೆ ಕಾವಲು ಕಾಯುತ್ತಿದ್ದೆ, ಆಮೇಲೆ ಅಷ್ಟಾಗಿ ಕಾಯಲಿಲ್ಲ. ಅರಿಶಿನ ಕೀಳುವ ಗಲಾಟೆಯಲ್ಲಿ ಒಂದು ಸಲ ಹುಳ ತರುವುದೇ ತಡವಾಯಿತು. ಚಿಕ್ಕತಾಯಮ್ಮನೂ ತಂದಿರಲಿಲ್ಲ. ಒಂದು ಬೆಳಗ್ಗೆ ಜಗಲಿಯಲ್ಲಿ ಕೂತಿದ್ದ ಅತ್ತೆಗೆ ಕಾಫಿ ಕೊಡುವಾಗ ಥಟ್ಟನೆ ಹೊಳೆಯಿತು. ಇಡೀ ತಿಂಗಳು ಎರಡು ಮನೆಯಲ್ಲೂ ಹುಳ ಇಲ್ಲ, ಅತ್ತೆಯ ತುಟಿ ಬೆಳ್ಳಗಿದೆ, ಆದರೂ ಅವರು ದಾರಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸುತ್ತಿದ್ದಾರೆ. ಅವರು ಯಾವತ್ತು ಬಿಟ್ಟರು ಎಂದು ಕೇಳಿದರೆ ನಾನು ಹೇಳಲಾರೆ. ಅವರಿಗೂ ಗೊತ್ತಿತ್ತೋ ಇಲ್ಲವೋ. ಚೀಲ ಮೊಳೆಯಲ್ಲೇ ಇತ್ತು. ನಾನು ಅದರ ಸುದ್ದಿ ಎತ್ತಲಿಲ್ಲ.

ಬಾಯಿಯ ಮಚ್ಚೆ ಅವರನ್ನು ಒಯ್ಯಲಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಸೊಪ್ಪು ಹಾಕುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಕಾರು ಕೊಳ್ಳೇಗಾಲ ತಲುಪುವ ಮುಂಚೆ ನನ್ನ ತೊಡೆಯ ಮೇಲೆಯೇ ಹೋದರು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡವರನ್ನು ಹೀಗೆ ಒಂದೇ ಗಳಿಗೆಯಲ್ಲಿ ಕಳೆದುಕೊಂಡೆನಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ. ನನ್ನನ್ನು ಅಷ್ಟು ಬೈದವರು ಯಾರೂ ಇಲ್ಲ, ಅಷ್ಟು ನೆನೆಸಿಕೊಳ್ಳುವವರೂ ಯಾರೂ ಇಲ್ಲ.

ಈ ಸಲ ಪಿತೃಪಕ್ಷದಲ್ಲಿ ಅವರಿಗೆ ಮೊದಲ ಎಡೆ. ನಮ್ಮಲ್ಲಿ ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ಎಲೆಯ ಮೇಲಿಟ್ಟು, ಬಾಗಿಲು ಎಳೆದುಕೊಂಡು ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ಹೊರಗಿರುತ್ತೇವೆ, ಹಿರಿಯರು ಬಂದು ಉಂಡುಹೋಗಲಿ ಎಂದು. ಮುದ್ದೆ ಮಾಡಿದೆ, ಖಾರ ಮುಂದಾಗಿಯೇ ಸಾರು ಮಾಡಿದೆ, ಹೊಸ ಸೀರೆ ಇಟ್ಟೆ. ಒಳಗೆ ಹುಳ ಇದ್ದದ್ದರಿಂದ ಊದುಕಡ್ಡಿ ಹಚ್ಚದೆ ದೀಪ ಮಾತ್ರ ಹಚ್ಚಿದೆ. ನಮ್ಮವರು ಪೇಟೆಯಿಂದ ವೀಳ್ಯದೆಲೆ, ಅಡಿಕೆ ತಂದಿದ್ದರು. ಜೊತೆಗೆ ಜೇಬಿನಿಂದ ಒಂದು ಕಡ್ಡಿಪುಡಿ ಪೊಟ್ಟಣ ತೆಗೆದರು. ನಾನು ಬಾಗಿಲಲ್ಲಿ ಕೈ ಅಡ್ಡ ಹಿಡಿದೆ.

"ಇದೊಂದು ದಿನ ಕಣ್ ಭಾಗ್ಯ" ಎಂದರು. "ಅವ್ವನ್ಗ ಇದುಕ್ಕಿಂತ ಇಷ್ಟವಾದ್ದು ಏನಿತ್ತು? ಇದ ಇಡ್ಲಿಲ್ಲ ಅಂದ್ರ ಎಡ ಮುಟ್ಟಾಳಾ?"

"ಇದ ಒಳಗ ಇಟ್ರ ಅತ್ತೆ ಎಡ ಮುಟ್ಟಾರಾ ಕಣ್ರಿ? ಒಳಗ ಉಳ ಅವ."

ಅವರು ಪೊಟ್ಟಣ ಹಿಡಿದುಕೊಂಡು ನಿಂತರು. ಆಮೇಲೆ ತಾವೇ ಅಂಗಳಕ್ಕಿಳಿದು, ಹೊಂಗೆ ಮರದ ಮೊಳೆಯಲ್ಲಿ ಬಣ್ಣಗೆಟ್ಟು ನೇತಾಡುತ್ತಿದ್ದ ಹಳೆಯ ಚೀಲದೊಳಗೆ ಅದನ್ನು ಇಟ್ಟು, ಕವರ್ ಸುತ್ತಿದರು. ತೊಟ್ಟಿಯ ಬಳಿ ಹೋಗಿ ಮೊಣಕೈವರೆಗೆ ಕೈ ತೊಳೆದರು.

ನಾನು ಬಾಗಿಲು ಎಳೆದುಕೊಂಡು ಬಂದೆ. ಇಬ್ಬರೂ ಮರದ ಕೆಳಗೆ ಕೂತೆವು. ಒಳಗಿನಿಂದ ಹುಳ ಮೇಯುವ ಸದ್ದು ಸಣ್ಣಗೆ ಕೇಳುತ್ತಿತ್ತು. ತಲೆಯ ಮೇಲೆ ಚೀಲ ಗಾಳಿಗೆ ಸ್ವಲ್ಪ ಅಲ್ಲಾಡಿತು. ನಾನು ತಲೆಯೆತ್ತಿ, ನಮ್ಮವರು ಪಕ್ಕದಲ್ಲಿದ್ದಾರೆ ಎಂಬ ನಾಚಿಕೆಯನ್ನೂ ಬಿಟ್ಟು, ಜೋರಾಗಿಯೇ ಹೇಳಿದೆ.

"ಅತ್ತೆ, ಮೊದ್ಲು ಒಳಗೋಗಿ ಊಟ ಮಾಡಿ. ಇದ ಮುಟ್ಬುಟ್ರ ಇವತ್ತು ಮನೆಯೊಳಕ್ ಬರಕ್ಕಾಗಲ್ಲ ನಿಮ್ಗ."